ಬಿಳಿ ಸೀಟಿನ ಮೇಲೊಂದು ಕಲೆ

ಬಿಳಿ ಬಣ್ಣಕ್ಕೆ ಈ ನಾಡಿನಲ್ಲಿ ಸಿಗುವ ಮರ್ಯಾದೆ ಬೇರೆ ಬಣ್ಣಗಳಿಗೆ ಸಿಕ್ಕಿದ್ದು ಕಡಿಮೆ. ಮದುವೆ ಮನೆಯ ಹಿರಿಯರಿಗೆ ಬಿಳಿ ಪಂಚೆ, ಚುನಾವಣೆಗೆ ನಿಂತವರಿಗೆ ಬಿಳಿ ಜುಬ್ಬ, ಶಾಲೆಯ ಮಕ್ಕಳಿಗೆ ಸ್ವಾತಂತ್ರ್ಯ ದಿನಾಚರಣೆಯಂದು ಬಿಳಿ ಅಂಗಿ, ಸಾಹೇಬರ ಕಾರಿನ ಸೀಟಿಗೆ ಬಿಳಿ ಟರ್ಕಿ ಟವೆಲು. ಆ ಟವೆಲಿನ ಮಹಿಮೆಯಂತೂ ದೊಡ್ಡದು. ಕಾರು ಎಷ್ಟೇ ಹಳೆಯದಾಗಿ ಬಾಗಿಲು ಕಿರುಗುಟ್ಟುತ್ತಿದ್ದರೂ ಸೀಟಿನ ಬೆನ್ನಿಗೆ ಒಂದು ಬಿಳಿ ಟವೆಲು ಹೊದಿಸಿದರೆ ಸಾಕು, ಒಳಗೆ ಕುಳಿತವರು ಸಾಮಾನ್ಯರಲ್ಲವೆಂದು ರಸ್ತೆಯಲ್ಲಿ ಹೋಗುವವರಿಗೆ ತಿಳಿದುಬಿಡುತ್ತದೆ. ಬಿಳಿಯನ್ನು ಬಿಳಿಯಾಗಿಯೇ ಇಡಲು ಒಗೆಯುವವರು ಬೇರೆ ಯಾರೋ ಇದ್ದಾರೆ ಎಂಬುದನ್ನೂ ಆ ಟವೆಲು ಹೇಳದೆಯೇ ಹೇಳುತ್ತದೆ.

ಈ ಬಿಳಿಯ ಮೋಹ ಈಗ ದೋಣಿಗೂ ಹತ್ತಿದೆ. ಮಲ್ಪೆ, ಹೊನ್ನಾವರ, ಕಾರವಾರದ ಕಡೆ ಪ್ರವಾಸಿಗರನ್ನು ಸುತ್ತಾಡಿಸುವ ಫೈಬರ್ ದೋಣಿಗಳಲ್ಲಿ ಎಷ್ಟೋ ಕಡೆ ಬಿಳಿ ರೆಗ್ಸಿನ್ ಸೀಟುಗಳನ್ನು ಕಾಣಬಹುದು. ಇದಕ್ಕೆ ಅಂದವೊಂದೇ ಕಾರಣವಲ್ಲ. ಮಧ್ಯಾಹ್ನದ ಬಿಸಿಲಿನಲ್ಲಿ ತೆರೆದ ದೋಣಿಯ ಕಪ್ಪು ಸೀಟಿನ ಮೇಲೆ ಕುಳಿತವರು ಕುಳಿತಷ್ಟೇ ವೇಗದಲ್ಲಿ ಮೇಲೇಳುತ್ತಾರೆ. ಬಿಳಿ ಬಿಸಿಲನ್ನು ಹಿಂದಕ್ಕೆ ಕಳಿಸುತ್ತದೆ, ಕಪ್ಪು ನುಂಗಿಕೊಳ್ಳುತ್ತದೆ. ಹಾಗಾಗಿ ಅಮೆರಿಕದ ಸರೋವರಗಳಲ್ಲಿ ವಿಹರಿಸುವ ದೋಣಿಗಳಿಂದ ಹಿಡಿದು ಶರಾವತಿಯ ಹಿನ್ನೀರಿನ ದೋಣಿಯವರೆಗೆ ಬಿಳಿ ಸೀಟು ಬಂದು ಕುಳಿತಿದೆ. ಅದರ ಜೊತೆಗೆ ಬಿಳಿ ಸೀಟಿನ ತಲೆನೋವೂ ಬಂದಿದೆ.

ಹೊನ್ನಾವರದಲ್ಲಿ ಶರಾವತಿ ಸಮುದ್ರಕ್ಕೆ ಸೇರುವ ಮುನ್ನ ಅಗಲವಾಗಿ ಹರಡಿಕೊಳ್ಳುತ್ತಾಳೆ. ಅವಳ ಮೇಲೆ ಹಾದುಹೋಗುವ ಕೊಂಕಣ ರೈಲಿನ ಸೇತುವೆಯ ಉದ್ದ 2 ಕಿಲೋಮೀಟರಿಗೂ ಹೆಚ್ಚು. ಆ ದಾರಿಯಲ್ಲೇ ಅತಿ ಉದ್ದದ ಸೇತುವೆ ಅದು. ದಂಡೆಯ ಉದ್ದಕ್ಕೂ ಕಾಂಡ್ಲಾ ಗಿಡಗಳು, ನಡುವೆ ಕುದ್ರುಗಳು. ಹತ್ತಿರದ ಕಾಸರಕೋಡು ಕಡಲತೀರಕ್ಕೆ 2020ರಲ್ಲಿ ಬ್ಲೂ ಫ್ಲ್ಯಾಗ್ ಪ್ರಮಾಣಪತ್ರ ಸಿಕ್ಕಿದ ಮೇಲೆ ಆ ಕಡೆ ಬರುವವರಿಗೆ ಊರಿನ ಹೆಸರು ಇನ್ನಷ್ಟು ಪರಿಚಯವಾಯಿತು. ಅಂಥ ಹೊಳೆಯಲ್ಲಿ ದೋಣಿ ಬಿಟ್ಟವರಲ್ಲಿ ತಾರಿ ನಡೆಸುತ್ತಿದ್ದ ಮನೆತನದ ಯುವಕನೂ ಒಬ್ಬ. ಅಜ್ಜ ಹುಟ್ಟು ಹಾಕಿದವನು, ಅಪ್ಪ ಹುಟ್ಟು ಹಾಕಿದವನು. ಸೇತುವೆಗಳು ಒಂದೊಂದಾಗಿ ಬಂದ ಮೇಲೆ ತಾರಿಗೆ ಜನ ಬರುವುದು ನಿಂತಿತು. ಮಗ ಕೆಲವು ವರ್ಷ ಗೋವೆಯಲ್ಲಿ ದುಡಿದು, ಸೊಸೈಟಿಯಲ್ಲಿ ಸಾಲ ಮಾಡಿ, ಹನ್ನೆರಡು ಜನ ಕೂರುವ ಫೈಬರ್ ದೋಣಿ ಕೊಂಡ. ಗೋವೆಯ ದೋಣಿಗಳನ್ನು ಕಂಡು ಬಂದ ಕಣ್ಣು. ಸೀಟು ಬಿಳಿಯದೇ ಆಗಬೇಕೆಂದು ಹಟ ಹಿಡಿದ.

ಸೀಟು ಹೊಲಿದವರು ಪೇಟೆಯ ಕುಶನ್ ಅಂಗಡಿಯ ಸಾಹೇಬರು. ಆಟೋ, ಟೆಂಪೊ, ಬಸ್ಸುಗಳ ಸೀಟು ಹೊಲಿದು ಕೈ ಪಳಗಿದವರು. ಬಿಳಿ ರೆಗ್ಸಿನ್ನಿನ ಸುರುಳಿ ಬಿಚ್ಚುವಾಗಲೇ ಅವರು ಒಂದು ಮಾತು ಹೇಳಿದ್ದರು: “ತಮಾ, ಬಿಳಿ ಬೇಡ ಅಂತ ಹೇಳೋದಿಲ್ಲ. ಆದ್ರೆ ಇದು ದುಡ್ಡು ಕೊಟ್ಟು ತಂದ ಬಿಳಿ ಆನೆ, ದಿನಾ ಮೀಯಿಸ್ಬೇಕು.” ಅವನು ನಕ್ಕು ಮುಂಗಡ ಕೊಟ್ಟು ಬಂದ.

ರೆಗ್ಸಿನ್ ಎನ್ನುವ ಹೆಸರಿಗೂ ಒಂದು ಕಥೆಯಿದೆ. ಇಂಗ್ಲೆಂಡಿನ ಮ್ಯಾಂಚೆಸ್ಟರ್ ಬಳಿಯ ಹೈಡ್ ಊರಿನ ಕಂಪೆನಿಯೊಂದು ಬಟ್ಟೆಗೆ ಸೆಲ್ಯುಲೋಸ್ ನೈಟ್ರೇಟಿನ ಲೇಪ ಕೊಟ್ಟು, ಚರ್ಮದಂತೆ ಗೆರೆ ಮೂಡಿಸಿ ಮಾರುತ್ತಿದ್ದ ಬಟ್ಟೆಯ ಹೆಸರು ಅದು. ಆ ಬಟ್ಟೆ ಹೋಯಿತು, ಹೆಸರು ಮಾತ್ರ ಇಲ್ಲಿ ಉಳಿಯಿತು. ಈಗ ರೆಗ್ಸಿನ್ ಎಂದು ಮಾರುವುದು ಬಹುಪಾಲು ಪಿವಿಸಿ, ಅಂದರೆ ವಿನೈಲ್. ಈ ಪಿವಿಸಿ ಹುಟ್ಟಾ ಗಡುಸು. ನಲ್ಲಿಯ ಪೈಪು ನೋಡಿದರೆ ಗೊತ್ತಾಗುತ್ತದೆ. 1926ರಲ್ಲಿ ಅಮೆರಿಕದ ವಾಲ್ಡೊ ಸೀಮನ್ ಎಂಬ ರಸಾಯನ ತಜ್ಞ ಅದನ್ನು ಎಣ್ಣೆಯಂಥ ದ್ರವದ ಜೊತೆ ಸೇರಿಸಿ ಮೆತ್ತಗೆ ಮಾಡುವ ಉಪಾಯ ಕಂಡುಹಿಡಿದ. ಇವತ್ತಿನ ಸೀಟು, ಚೀಲ, ಮಳೆಯಂಗಿ ಎಲ್ಲವೂ ಆ ಉಪಾಯದ ಮಕ್ಕಳು. ಹಾಳೆಯನ್ನು ಮೆತ್ತಗೆ ಇಡುವ ಆ ಎಣ್ಣೆಯಂಥ ಪದಾರ್ಥ ಒಳಗೆ ಸದಾ ಇರುತ್ತದೆ. ಸೀಟಿನ ಸುಖಕ್ಕೂ ಅದೇ ಕಾರಣ, ಕಲೆಯ ಸಂಕಟಕ್ಕೂ ಅದೇ ಕಾರಣ.

ಮೊದಲ ವರ್ಷದ ಕಲೆಗಳು ಅವನಿಗೆ ಒಂದು ಪಾಠಶಾಲೆಯೇ ಆದವು. ಮಕ್ಕಳು ಬಾಲ್ ಪೆನ್ನಿನಲ್ಲಿ ಗೀಚಿದರು. ಯಾರದೋ ಕೈಚೀಲದಲ್ಲಿ ತುಟಿಯ ಬಣ್ಣ ಕರಗಿತು. ಮನೆಯಿಂದ ಚಿತ್ರಾನ್ನ ಕಟ್ಟಿಕೊಂಡು ಬಂದ ಸಂಸಾರವೊಂದು ಕಾಂಡ್ಲಾ ನೆರಳಿನಲ್ಲಿ ದೋಣಿ ನಿಲ್ಲಿಸಿ ಉಂಡಿತು. ಅನ್ನದ ಅರಿಸಿನ ಸೀಟಿಗೆ ಹತ್ತಿದ್ದನ್ನು ಕಂಡು ಅವನು ಬಟ್ಟೆ ಸೋಪು ತಿಕ್ಕಿದ. ಹಳದಿ ಹೋಗುವ ಬದಲು ನೋಡನೋಡುತ್ತ ರಕ್ತದಂತೆ ಕೆಂಪಾಯಿತು. ಅವನು ಹೆದರಿ ನಾಲ್ಕು ಚೊಂಬು ನೀರು ಸುರಿದ. ಹೆದರುವಂಥದ್ದೇನೂ ಇರಲಿಲ್ಲ. ಅರಿಸಿನಕ್ಕೆ ಕ್ಷಾರ ತಾಗಿದರೆ ಕೆಂಪಾಗುತ್ತದೆ. ಅರಿಸಿನಕ್ಕೆ ಸುಣ್ಣ ಸೇರಿಸಿ ಕುಂಕುಮ ಮಾಡುವುದೂ, ಆರತಿಯ ಓಕುಳಿ ಕದಡುವುದೂ ಇದೇ ಗುಣದಿಂದ. ಸೋಪು ತೊಳೆದುಹೋದ ಮೇಲೆ ಅದು ಮತ್ತೆ ಹಳದಿಗೆ ತಿರುಗಿತು, ಎರಡು ಮೂರು ದಿನದ ಬಿಸಿಲಿಗೆ ತಾನಾಗಿ ಮಾಸಿತು. ಅರಿಸಿನದ ಬಣ್ಣ ಬಿಸಿಲಿಗೆ ನಿಲ್ಲುವುದಿಲ್ಲ. ಕಲೆಗಳಲ್ಲೆಲ್ಲ ಅತಿ ಜೋರು ಮಾಡಿದ್ದೂ ಅದೇ, ಅತಿ ಬೇಗ ಊರು ಬಿಟ್ಟದ್ದೂ ಅದೇ.

ಸದ್ದಿಲ್ಲದೆ ಬಂದು ಕಾಯಂ ಆಗಿ ಕುಳಿತದ್ದು ನೀಲಿ. ಹೊಸ ಜೀನ್ಸ್ ಪ್ಯಾಂಟು ತೊಟ್ಟ ಕಾಲೇಜು ಹುಡುಗರು ಸಮುದ್ರದಲ್ಲಿ ಸೊಂಟದವರೆಗೆ ನೆನೆದು, ಹಾಗೆಯೇ ಬಂದು ದೋಣಿ ಹತ್ತುತ್ತಿದ್ದರು. ಇಳಿದು ಹೋದ ಮೇಲೆ ಸೀಟಿನ ಮೇಲೆ ತೆಳ್ಳನೆಯ ನೀಲಿ ನೆರಳು. ಮೊದಲ ದಿನ ಒರೆಸಿದರೆ ಅರ್ಧ ಹೋಗುತ್ತಿತ್ತು. ‘ನಾಳೆ ನೋಡಿದರಾಯಿತು’ ಎಂದು ಬಿಟ್ಟರೆ ನಾಳೆ ಅದು ಮನೆಯ ಅಳಿಯನಂತೆ ಒಳಗೆ ಹೋಗಿ ಕೂತಿರುತ್ತಿತ್ತು.

ಜೀನ್ಸಿನ ನೀಲಿಯ ಸ್ವಭಾವವೇ ಅಂಥದ್ದು. ಒಂದು ಕಾಲದಲ್ಲಿ ಬಂಗಾಳದ ರೈತರನ್ನು ಗೋಳು ಹುಯ್ದುಕೊಂಡ, 1917ರಲ್ಲಿ ಗಾಂಧೀಜಿಯವರನ್ನು ಚಂಪಾರಣಕ್ಕೆ ಕರೆಸಿಕೊಂಡ ಅದೇ ನೀಲಿ ಇದು. ಈಗ ಗಿಡದ ಬದಲು ಕಾರ್ಖಾನೆಯಲ್ಲಿ ತಯಾರಾಗುತ್ತದೆ. ಜರ್ಮನಿಯಲ್ಲಿ 1897ರಲ್ಲಿ ಕೃತಕ ನೀಲಿ ಮಾರುಕಟ್ಟೆಗೆ ಬಂತು. ಈ ಬಣ್ಣ ನೀರಿನಲ್ಲಿ ಕರಗುವುದಿಲ್ಲ, ನೂಲಿನ ತಿರುಳಿನವರೆಗೂ ಇಳಿಯುವುದಿಲ್ಲ. ನೂಲಿನ ಹೊರಮೈಗೆ ಪದರ ಪದರವಾಗಿ ಅಂಟಿಕೊಂಡಿರುತ್ತದೆ. ಜೀನ್ಸ್ ಮೊಣಕಾಲಿನಲ್ಲಿ ಬೆಳ್ಳಗಾಗುವುದು ಅದಕ್ಕೇ. ಬಟ್ಟೆ ಒದ್ದೆಯಾಗಿದ್ದರೆ ಉಜ್ಜಿದಾಗ ಬಿಡುವ ಬಣ್ಣ ಇನ್ನೂ ಹೆಚ್ಚು. ಹಾಗೆ ಬಿಟ್ಟ ಪುಡಿ ಬಿಸಿ ಸೀಟಿನ ಮೇಲೆ ಬಿತ್ತೆಂದರೆ, ರೆಗ್ಸಿನ್ನಿನೊಳಗಿನ ಎಣ್ಣೆಯಂಥ ಪದಾರ್ಥ ಅದನ್ನು ನಿಧಾನವಾಗಿ ತನ್ನೊಳಗೆ ಎಳೆದುಕೊಳ್ಳುತ್ತದೆ. ಆಮೇಲೆ ಕಲೆ ಸೀಟಿನ ಮೇಲೆ ಇರುವುದಿಲ್ಲ, ಸೀಟಿನ ಒಳಗೆ ಇರುತ್ತದೆ. ಕುಶನ್ ಸಾಹೇಬರು ಇದನ್ನು ಒಂದೇ ಮಾತಿನಲ್ಲಿ ಹೇಳಿದರು: “ಮಾವಿನ ಮಿಡಿಗೆ ಖಾರ ಹಿಡಿದ ಮೇಲೆ ತೊಳೆದ್ರೆ ಹೋಗ್ತದಾ?”

ಕಲೆಯೊಂದು ಬಿದ್ದರೆ ಊರಿನಲ್ಲಿ ಪಂಡಿತರಿಗೆ ಬರವಿಲ್ಲ. ಸೀಮೆಎಣ್ಣೆ ಹಾಕು ಎಂದವರೊಬ್ಬರು, ಪೆಟ್ರೋಲು ಎಂದವರೊಬ್ಬರು. ಹಲ್ಲುಜ್ಜುವ ಪೇಸ್ಟು, ನಿಂಬೆಹಣ್ಣು, ಉಗುರು ಬಣ್ಣ ಅಳಿಸುವ ದ್ರವ, ಬಾವಿಗೆ ಹಾಕುವ ಬ್ಲೀಚಿಂಗ್ ಪೌಡರು, ಹೀಗೆ ಪಟ್ಟಿ ಬೆಳೆಯಿತು. ಅವನ ಕೈಗೆ ಮೊದಲು ಸಿಕ್ಕಿದ್ದು ಪೇಂಟಿಗೆ ಬೆರೆಸುವ ಥಿನ್ನರ್. ಬಟ್ಟೆಗೆ ಅದ್ದಿ ಒರೆಸಿದ. ನೀಲಿ ಬಟ್ಟೆಗೆ ಬಂತು. ಸಂತೋಷ ತಡೆಯಲಾಗದೆ ಇನ್ನೊಂದಷ್ಟು ಸುರಿದು ಉಜ್ಜಿದ. ಸಂಜೆಗೆ ಆ ಸೀಟು ಅಂಟಂಟಾಯಿತು. ಹೊಳಪು ಹೋಗಿ ಸುಣ್ಣದ ಗೋಡೆಯಂತಾಯಿತು. ಮುಂದಿನ ಬೇಸಗೆ ಬರುವಷ್ಟರಲ್ಲಿ ಗದ್ದೆಯ ಮಣ್ಣಿನಂತೆ ಬಿರಿಯಿತು. ಥಿನ್ನರ್, ಪೆಟ್ರೋಲು, ಅಸಿಟೋನುಗಳು ರೆಗ್ಸಿನ್ನಿನ ಮೇಲಿನ ಕಾವಲು ಪದರವನ್ನು ತಿನ್ನುತ್ತವೆ. ಒಳಗಿನ ಮೆತುಪಿನ ಪದಾರ್ಥವನ್ನೂ ಎಳೆದುಕೊಂಡು ಹೋಗುತ್ತವೆ. ಕಲೆಯ ಜೊತೆ ಸೀಟಿನ ಆಯುಸ್ಸೂ ಹೋಗುತ್ತದೆ. ಬ್ಲೀಚು ಹೊಲಿಗೆಯ ದಾರವನ್ನು ಕೊರೆಯುತ್ತದೆ. ಬ್ಲೀಚಿಗೆ ಆಸಿಡ್ ಬೆರೆತರೆ ವಿಷಗಾಳಿ ಏಳುತ್ತದೆ, ಸ್ಪಿರಿಟ್ಟು ಬೆರೆಸಿದರೂ ಅಪಾಯವೇ. ಈಚೆಗೆ ಬಂದಿರುವ ಮಾಯಾ ಸ್ಪಂಜೂ ಅಸಲಿಗೆ ಅತಿ ನಯವಾದ ಉಜ್ಜುಕಾಗದವೇ; ಒಂದು ಸಲ ಉಜ್ಜಿದರೆ ಕಲೆ ಹೋಗುತ್ತದೆ, ಹತ್ತು ಸಲ ಉಜ್ಜಿದರೆ ಮೇಲ್ಪದರವೇ ಹೋಗಿ ಮುಂದಿನ ಕಲೆಗೆ ಬಾಗಿಲು ತೆರೆಯುತ್ತದೆ.

ಎರಡನೆಯ ವರ್ಷ ಪೆಟ್ಟು ಬಿದ್ದದ್ದು ಗಳಿಕೆಗೆ. ಮದುವೆಗೆ ಮುಂಚೆ ಗಂಡು ಹೆಣ್ಣನ್ನು ದೋಣಿಯಲ್ಲಿ ಕೂರಿಸಿ ಫೋಟೋ ತೆಗೆಸುವ ಪದ್ಧತಿ ಬಂದಿದೆಯಲ್ಲ, ಆ ಕೆಲಸದಲ್ಲಿ ಒಂದು ದಿನಕ್ಕೆ ಬರುವ ಬಾಡಿಗೆ ಸಾಮಾನ್ಯ ದಿನಗಳ ಬಾಡಿಗೆಗಿಂತ ಹೆಚ್ಚು. ಫೋಟೋಗ್ರಾಫರ್ ದೋಣಿ ಹತ್ತಿ ನೋಡಿದ. ನೀಲಿ ನೆರಳು, ಬಿರಿದ ಸೀಟು ನೋಡಿದ. ಏನೂ ಹೇಳದೆ ಇಳಿದು ಪಕ್ಕದ ದೋಣಿಗೆ ಹೋದ. ಅದೇ ತಿಂಗಳು ಅಂಥ ಮೂರು ಬಾಡಿಗೆ ತಪ್ಪಿತು. ಮಳೆಗಾಲದಲ್ಲಿ ದೋಣಿ ದಡದಲ್ಲಿ ಮಲಗಿರುತ್ತದೆ. ಸಾಲದ ಕಂತು ಮಲಗುವುದಿಲ್ಲ. ಬಿಳಿ ಸೀಟು ಆಗ ಅವನಿಗೆ ಶೋಕಿಯಾಗಿ ಉಳಿಯಲಿಲ್ಲ, ಅನ್ನದ ಪ್ರಶ್ನೆಯಾಯಿತು.

ಮಳೆ ನಿಂತು ದಸರೆಯ ಹೊತ್ತಿಗೆ ಟಾರ್ಪಾಲು ತೆಗೆದಾಗ ಇನ್ನೊಂದು ಆಘಾತ ಕಾದಿತ್ತು. ನಡುವಿನ ಎರಡು ಸೀಟುಗಳ ಮೇಲೆ ಗುಲಾಬಿ ಬಣ್ಣದ ಮಚ್ಚೆಗಳು. ಅಂಗೈಯಗಲ, ಅಂಚಿಲ್ಲದೆ ಹರಡಿದ ಮಚ್ಚೆಗಳು. ಸೋಪು ಹಾಕಿದ, ಹೋಗಲಿಲ್ಲ. ಬ್ಲೀಚು ಹಾಕಿದ, ಮಾಸಿದಂತೆ ಕಂಡು ಹದಿನೈದು ದಿನಕ್ಕೆ ಮತ್ತೆ ಮೂಡಿತು. ಅವನು ಯೋಚಿಸಿದ. ಕಳೆದ ಬೇಸಗೆಯಲ್ಲಿ ಬಂದವರು ಯಾರು? ಗೋಕರ್ಣ, ಮುರ್ಡೇಶ್ವರ, ಇಡಗುಂಜಿ ಯಾತ್ರೆ ಮುಗಿಸಿ ಬಂದ ಬಯಲುಸೀಮೆಯವರು. ಸಮುದ್ರ ಸ್ನಾನ ಮಾಡಿದ ಒದ್ದೆ ಸೀರೆಯಲ್ಲೇ ದೋಣಿ ಹತ್ತಿದ್ದರು. ಕೆಂಪು ಸೆರಗು, ಹಸಿ ಬಣ್ಣ. ಸರಿ, ಕಳ್ಳ ಸಿಕ್ಕಿದನೆಂದು ಅವನು ತೀರ್ಮಾನ ಮಾಡಿದ.

ಅಲ್ಲಿಂದ ದೋಣಿಯಲ್ಲಿ ಕಾಯಿದೆ ಜಾರಿಗೆ ಬಂತು. ಹತ್ತುವವರ ಬಟ್ಟೆಯ ಮೇಲೆ ಕಣ್ಣು. ತಿಳಿ ಬಣ್ಣ, ಒಣಗಿದ ಬಟ್ಟೆಯವರಿಗೆ ಬಿಳಿ ಸೀಟು. ಜೀನ್ಸಿನವರಿಗೆ ಪ್ಲಾಸ್ಟಿಕ್ ಹಾಳೆ ಹಾಸಿದ ಸೀಟು. ಗಾಢ ಬಣ್ಣದ ಸೀರೆಯವರಿಗೆ, ಒದ್ದೆಯವರಿಗೆ ಮುಂಭಾಗದ ಹಲಗೆ. ಒಂದು ರಟ್ಟಿನ ಬೋರ್ಡೂ ನೇತುಬಿತ್ತು. ಕಾಲೇಜು ಹುಡುಗರು ಬೋರ್ಡು ಓದಿ ನಕ್ಕು, ಕೂರಬೇಡ ಎಂದಲ್ಲೇ ಕೂರುತ್ತಿದ್ದರು. ಅವರ ಜೊತೆ ಜಗಳಕ್ಕೆ ನಿಲ್ಲುವುದು ಅವನಿಂದ ಆಗುತ್ತಿರಲಿಲ್ಲ. ಹಾಗಾಗಿ ಕಾಯಿದೆ ಪೂರ್ತಿಯಾಗಿ ನಡೆದದ್ದು ಎದುರು ಮಾತಾಡದವರ ಮೇಲೆ.

ಒಂದು ಭಾನುವಾರ ವಿಜಯಪುರದ ಕಡೆಯ ಒಂದು ಕುಟುಂಬ ಬಂತು. ಮಕ್ಕಳು, ಮೊಮ್ಮಕ್ಕಳು, ನಡುವೆ ಒಬ್ಬ ಅಜ್ಜಿ. ಇಳಕಲ್ ಸೀರೆ, ಸೆರಗು ಕೆಂಪು, ಅಂಚೆಲ್ಲ ಒದ್ದೆ. ಅಜ್ಜಿ ಹತ್ತಿ ಸೀಟಿನ ಮೇಲೆ ಕೈಯೂರಿದ್ದೇ ತಡ, ಅವನು ‘ಅಜ್ಜೀ, ಅಲ್ಲಿ ಬೇಡ, ಬಣ್ಣ ಹತ್ತತದೆ, ಕೆಳಗೆ ಕೂತ್ಕೊಳ್ಳಿ’ ಎಂದ. ಮಗನ ಮುಖ ಕೆಂಪಾಯಿತು. ಮಾತಿಗೆ ಮಾತು ಬೆಳೆಯುತ್ತಿತ್ತೋ ಏನೋ, ಅಜ್ಜಿಯೇ ತಡೆದಳು. “ಇರ್ಲಿ ಬಿಡಪಾ, ಕೆಳಗ ಕುಂತ್ರೂ ನೀರು ಕಾಣ್ತಾವ.” ಸೆರಗು ಒಟ್ಟುಮಾಡಿಕೊಂಡು ಹಲಗೆಯ ಮೇಲೆ ಕುಳಿತಳು. ಲೈಫ್ ಜಾಕೆಟ್ಟು ಅವಳ ಗದ್ದಕ್ಕೆ ತಾಗುತ್ತಿತ್ತು. ಒಂದು ಗಂಟೆ ಹೊತ್ತು ದೋಣಿಯ ಅಂಚಿನ ಮೇಲಿಂದ ಕತ್ತು ನೀಳ ಮಾಡಿ ಕಾಂಡ್ಲಾ ಕಾಡನ್ನು ನೋಡಿದಳು. ಇಳಿಯುವಾಗ ದೋಣಿಯ ಮೂತಿಗೆ ಕೈ ಮುಟ್ಟಿಸಿ ಕಣ್ಣಿಗೆ ಒತ್ತಿಕೊಂಡಳು. ಹೊಳೆ ದಾಟಿಸಿದ ದೋಣಿಗೆ ಹಾಗೆ ಕೈ ಮುಗಿಯುವವರು ಈಗ ಕಡಿಮೆ.

ಸುದ್ದಿ ದಡದಿಂದ ಮನೆಗೆ ಹೋಗಲು ಎಷ್ಟು ಹೊತ್ತು ಬೇಕು? ರಾತ್ರಿ ಊಟಕ್ಕೆ ಕುಳಿತಾಗ ಅಪ್ಪ ಕೇಳಿದ: “ಒಂದು ಅಜ್ಜಿಗೆ ಕೆಳಗೆ ಕೂರ್ಸಿದ್ಯಂತೆ, ಹೌದನಾ?” ಮಗ ಕಲೆಯ ಕಥೆ ಹೇಳಿದ, ಕಂತಿನ ಕಥೆ ಹೇಳಿದ. ಅಪ್ಪ ಎಲ್ಲವನ್ನೂ ಕೇಳಿಸಿಕೊಂಡ. ಆಮೇಲೆ ತನ್ನ ಅಪ್ಪನ ತಾರಿಯ ಕಥೆ ತೆಗೆದ. ಮೀನೆಣ್ಣೆ ಬಳಿದು ಬಳಿದು ಕಪ್ಪಾದ ಮರದ ದೋಣಿ. ಅದರಲ್ಲಿ ಯಾವ ಕಲೆ ಬಿದ್ದರೂ ಕಾಣುತ್ತಿರಲಿಲ್ಲ. ಆದರೂ ಎಲ್ಲರೂ ಎಲ್ಲ ಕಡೆ ಕೂರುವಂತಿರಲಿಲ್ಲ. ಒಡೆಯರಿಗೆ ನಡುವಿನ ಹಲಗೆ. ಅವರ ಗದ್ದೆ ಕೆಲಸದವರು ಕೆಳಗೆ, ನೀರು ಜಿನುಗಿ ನಿಲ್ಲುವ ಜಾಗದಲ್ಲಿ, ಕುಕ್ಕರಗಾಲಲ್ಲಿ. ಹಲಗೆ ಖಾಲಿ ಇದ್ದರೂ ಅವರು ಮೇಲೆ ಕೂರುತ್ತಿರಲಿಲ್ಲ. ದೋಣಿಯವನೂ ಕೂರು ಎನ್ನುತ್ತಿರಲಿಲ್ಲ. ದೋಣಿಯ ನೀರು ಮೊಗೆಯುತ್ತಿದ್ದ ಹುಡುಗನಾಗಿ ಅಪ್ಪ ಇದನ್ನು ನೋಡಿದವನು. 1974ರಲ್ಲಿ ಭೂಸುಧಾರಣೆ ಕಾನೂನಿಗೆ ತಿದ್ದುಪಡಿ ಬಂದು ಗೇಣಿ ಮಾಡುತ್ತಿದ್ದವರಿಗೆ ಭೂಮಿ ಬಂತು. ದೋಣಿಯ ಹಲಗೆಗೆ ಯಾವ ಕಾನೂನೂ ಬರಲಿಲ್ಲ. ಅದು ನಿಧಾನಕ್ಕೆ, ಒಬ್ಬೊಬ್ಬರಾಗಿ ಮೇಲೆ ಕೂತು ಕೂತು ಹೋಗಬೇಕಾಯಿತು.

“ಆಗ ನನ್ನಪ್ಪನೂ ಎಂತದೋ ಒಂದು ಕಾರಣ ಹೇಳ್ತಿದ್ದ,” ಎಂದ ಅಪ್ಪ. “ದೋಣಿ ತೂಕ ಸರಿ ಆಗೂಕೆ ಅವ್ರು ಕೆಳಗೆ ಕೂತ್ರೇ ಒಳ್ಳೇದು ಅಂತ.” ಅಷ್ಟು ಹೇಳಿ ಕೈ ತೊಳೆಯಲು ಎದ್ದ. ಬೈಗುಳಕ್ಕೆ ಕಾದಿದ್ದ ಮಗನಿಗೆ ಬೈಗುಳವಾದರೂ ಸಿಕ್ಕಿದ್ದರೆ ಹಗುರಾಗುತ್ತಿತ್ತು.

ಮಾರನೆಯ ದಿನ ಅವನು ಗುಲಾಬಿ ಮಚ್ಚೆಯ ಸೀಟುಗಳನ್ನು ಬಿಚ್ಚಿ ಕುಶನ್ ಅಂಗಡಿಗೆ ಹೊತ್ತುಕೊಂಡು ಹೋದ. ರೆಗ್ಸಿನ್ ಬದಲಾಯಿಸಿ ಎಂದ. ಸಾಹೇಬರು ಕೆಳಗಿನ ಪಿನ್ನುಗಳನ್ನು ಕಿತ್ತು, ಹೊದಿಕೆಯನ್ನು ಎಬ್ಬಿಸಿ ಮೂಗು ಮುಚ್ಚಿಕೊಂಡರು. ಒಳಗಿನ ಸ್ಪಂಜು ಇನ್ನೂ ತೇವವಾಗಿತ್ತು. ಮಳೆಗಾಲವೆಲ್ಲ ಟಾರ್ಪಾಲಿನಡಿ ಬೆಂದ ವಾಸನೆ. ರೆಗ್ಸಿನ್ನಿನ ಒಳಮೈಯ ಬಟ್ಟೆಯ ಮೇಲೆ ಅದೇ ಗುಲಾಬಿ ಬಣ್ಣ, ಮೇಲೆ ಕಂಡದ್ದಕ್ಕಿಂತ ದಟ್ಟವಾಗಿ. ಕಲೆ ಹೊರಗಿನಿಂದ ಒಳಗೆ ಇಳಿದದ್ದಾಗಿದ್ದರೆ ಮೇಲೆ ದಟ್ಟವಾಗಿ ಒಳಗೆ ತೆಳುವಾಗಿರಬೇಕಿತ್ತು. ಇದು ಒಳಗಿನಿಂದ ಹೊರಗೆ ಬಂದದ್ದು.

ಸಾಹೇಬರಿಗೆ ಇದು ಹೊಸದಲ್ಲ. ಬಸ್ಸಿನ ಸೀಟುಗಳಲ್ಲೂ ಅವರು ಕಂಡಿದ್ದರು. ವಿನೈಲ್ ತಯಾರಿಸುವವರಿಗೂ ಇದು ಹಳೆಯ ಪರಿಚಯ. ‘ಗುಲಾಬಿ ಕಲೆ’ ಎಂದೇ ಅವರಲ್ಲಿ ಇದರ ಹೆಸರು. ತೇವದ ಸ್ಪಂಜಿನಲ್ಲಿ, ಬಟ್ಟೆಯಲ್ಲಿ ಸ್ಟ್ರೆಪ್ಟೊಮೈಸಿಸ್ ಬಳಗದ ಸೂಕ್ಷ್ಮಜೀವಿಗಳು ಬೆಳೆಯುತ್ತವೆ. ಮಣ್ಣಿನ ವಾಸನೆ, ಎಷ್ಟೋ ಔಷಧಿಗಳು ಬರುವುದೂ ಇದೇ ಬಳಗದಿಂದ. ಇವುಗಳಲ್ಲಿ ಕೆಲವು ಗುಲಾಬಿ ಬಣ್ಣವೊಂದನ್ನು ಹೊರಹಾಕುತ್ತವೆ. ಆ ಬಣ್ಣ ರೆಗ್ಸಿನ್ನಿನ ಎಣ್ಣೆಯಂಥ ಪದಾರ್ಥದಲ್ಲಿ ಕರಗಿ, ಹಾಳೆಯನ್ನು ದಾಟಿ ಮೇಲೆ ಬಂದು ಕಾಣಿಸಿಕೊಳ್ಳುತ್ತದೆ. ಮೇಲಿನಿಂದ ಎಷ್ಟು ತೊಳೆದರೂ, ಬ್ಲೀಚಿನಿಂದ ಎಷ್ಟು ಮಾಸಿದರೂ, ಒಳಗೆ ತೇವ ಇರುವ ತನಕ ಅದು ಮತ್ತೆ ಮತ್ತೆ ಮೂಡುತ್ತದೆ. ಯಾವ ಸೀರೆಯೂ, ಯಾವ ಸೆರಗೂ ಅದಕ್ಕೆ ಕಾರಣವಲ್ಲ. ಹೊಲಿಗೆಯ ತೂತಿನಲ್ಲಿ ಇಳಿದ ಮಳೆ ನೀರು, ಗಾಳಿಯಾಡದ ಟಾರ್ಪಾಲು, ಸೀಟಿನಡಿಯಲ್ಲಿ ನೀರು ಬಸಿಯಲು ತೂತು ಕೊರೆಯದೆ ಬಿಟ್ಟ ಹಲಗೆ, ಇವೇ ಕಾರಣ.

ಅವನು ಆ ಸ್ಪಂಜನ್ನು ನೋಡುತ್ತ ನಿಂತ. ಸಾಹೇಬರು ‘ಎಂತ ತಮಾ?’ ಎಂದಾಗ ‘ಏನಿಲ್ಲ’ ಎಂದ.

ಆ ಕುಟುಂಬವನ್ನು ಹುಡುಕುವ ದಾರಿ ಅವನಿಗಿರಲಿಲ್ಲ. ಟಿಕೆಟಿನ ಪುಸ್ತಕದಲ್ಲಿ ತಲೆಯ ಲೆಕ್ಕ ಇರುತ್ತದೆ, ಹೆಸರು ಇರುವುದಿಲ್ಲ. ಬೋರ್ಡನ್ನು ಮಾತ್ರ ಅಂದೇ ತೆಗೆದ.

ಉಳಿದ ಕಲೆಗಳ ಕೆಲಸಕ್ಕೆ ಅವನು ಆಮೇಲೆ ಸಾವಧಾನದಿಂದ ಕುಳಿತ. ಔಷಧಿ ಅಂಗಡಿಯಲ್ಲಿ ಕೆಲಸ ಮಾಡುವ ಸೋದರಮಾವನ ಮಗ ಹೇಳಿಕೊಟ್ಟ ಕ್ರಮ ಅದು, ಯಾರ ಮನೆಯ ಸೋಫಾಕ್ಕೂ, ಸ್ಕೂಟರಿನ ಸೀಟಿಗೂ ಆಗುವಂಥದ್ದು. ಮೊದಲು ಉಗುರು ಬೆಚ್ಚಗಿನ ನೀರು, ಪಾತ್ರೆ ತೊಳೆಯುವ ದ್ರವ, ಮೆತ್ತಗಿನ ಬ್ರಶ್ಶು. ಹೊಲಿಗೆಯ ಸಾಲಿನ ಗುಂಟ ತಿಕ್ಕಿ ತೊಳೆಯುವುದು. ಆದಷ್ಟು ಕಲೆ ಬಿದ್ದ ದಿನವೇ ಇದಾಗಬೇಕು. ಅದಕ್ಕೆ ಬಗ್ಗದಿದ್ದರೆ ಅಡುಗೆ ಸೋಡಾವನ್ನು ನೀರಿನಲ್ಲಿ ಕಲಸಿ ಹಚ್ಚಿ, ಹತ್ತು ನಿಮಿಷ ಬಿಟ್ಟು ಹಗುರವಾಗಿ ಉಜ್ಜುವುದು. ಪೆನ್ನಿನ ಗೀಟು, ತುಟಿ ಬಣ್ಣ, ಹೊಸದಾಗಿ ಬಿದ್ದ ನೀಲಿ ಇವಕ್ಕೆ ಬಿಳಿ ಬಟ್ಟೆಯಲ್ಲಿ ಸ್ವಲ್ಪವೇ ಸ್ಪಿರಿಟ್ಟು. ಒತ್ತಿ ತೆಗೆಯಬೇಕು, ಉಜ್ಜಬಾರದು. ಬಟ್ಟೆಯ ಹೊಸ ಜಾಗಕ್ಕೆ ಬದಲಾಯಿಸುತ್ತಿರಬೇಕು, ಇಲ್ಲವಾದರೆ ತೆಗೆದ ಬಣ್ಣವನ್ನೇ ಮತ್ತೆ ಬಳಿದಂತಾಗುತ್ತದೆ. ಕೂಡಲೇ ಸೋಪಿನ ನೀರಿನಿಂದ ತೊಳೆದುಬಿಡಬೇಕು, ಸ್ಪಿರಿಟ್ಟು ಸೀಟಿನ ಮೇಲೆ ನಿಂತರೆ ಅದೂ ಮೇಲ್ಪದರವನ್ನು ತಿನ್ನುತ್ತದೆ. ಬೀಡಿ ಸಿಗರೇಟು ಹತ್ತಿರ ಸುಳಿಯಬಾರದು. ಯಾವುದನ್ನೇ ಆಗಲಿ ಮೊದಲು ಸೀಟಿನ ಕೆಳಗಿನ ಕಾಣದ ಮೂಲೆಯಲ್ಲಿ ಹಚ್ಚಿ ನೋಡಬೇಕು.

ಹಳೆಯ ನೀಲಿಗೆ ಕೊನೆಯ ಅಸ್ತ್ರ ಗಾಯ ತೊಳೆಯುವ ಹೈಡ್ರೋಜನ್ ಪೆರಾಕ್ಸೈಡು. ಔಷಧಿ ಅಂಗಡಿಯಲ್ಲಿ ಸಿಗುವುದು ಸಾಮಾನ್ಯವಾಗಿ ಶೇಕಡಾ 6ರದ್ದು. ಅಷ್ಟೇ ನೀರು ಬೆರೆಸಿ ಅರ್ಧ ಮಾಡಿಕೊಂಡರೆ ಸಾಕು. ಹತ್ತಿಯನ್ನು ಅದರಲ್ಲಿ ನೆನೆಸಿ ಕಲೆಯ ಮೇಲಿಟ್ಟು, ಪಾರದರ್ಶಕ ಪ್ಲಾಸ್ಟಿಕ್ ಮುಚ್ಚಿ ಬಿಸಿಲಿಗೆ ಬಿಡುವುದು, ಆಗಾಗ ಎತ್ತಿ ನೋಡುವುದು, ಕೊನೆಗೆ ಚೆನ್ನಾಗಿ ತೊಳೆಯುವುದು. ಇದು ಬಣ್ಣವನ್ನು ಕಿತ್ತು ತೆಗೆಯುವುದಿಲ್ಲ, ಇದ್ದಲ್ಲೇ ಮುರಿದು ಮಂಕು ಮಾಡುತ್ತದೆ. ಒಂದೇ ದಿನಕ್ಕೆ ಆಗುವ ಕೆಲಸವೂ ಅಲ್ಲ. ಅವನು ಒಂದು ವಾರ ಬೆಳಿಗ್ಗೆ ಬೆಳಿಗ್ಗೆ ಮಾಡಿದ. ಕೆಲವು ಕಲೆ ಪೂರ್ತಿ ಹೋಯಿತು, ಕೆಲವು ನೀರು ಬೆರೆಸಿದ ಹಾಲಿನಷ್ಟು ತಿಳಿಯಾಯಿತು. ಒಂದು ಮಾತ್ರ ಹಟ ಬಿಡಲಿಲ್ಲ. ವರ್ಷ ಕಳೆದ ಕಲೆ ಹಾಳೆಯ ಆಳಕ್ಕೆ ಇಳಿದಿದ್ದರೆ ಹೊದಿಕೆ ಬದಲಾಯಿಸುವುದೊಂದೇ ದಾರಿ ಎಂದು ಸಾಹೇಬರು ಖಡಾಖಂಡಿತ ಹೇಳಿದರು.

ಗುಲಾಬಿ ಸೀಟುಗಳಿಗೂ, ಥಿನ್ನರಿನಲ್ಲಿ ಬಿರಿದ ಸೀಟಿಗೂ ಹೊಸ ಹೊದಿಕೆ ಬಂತು, ಈ ಸಲ ತಿಳಿ ಬೂದು ಬಣ್ಣದ್ದು. ಬಿಳಿಯಷ್ಟು ತಂಪಲ್ಲ, ಕಪ್ಪಿನಷ್ಟು ಸುಡುವುದೂ ಇಲ್ಲ. ಹಲಗೆಗೆ ತೂತು ಕೊರೆಸಿದ, ಒಣಗಿದ ಹೊಸ ಸ್ಪಂಜು ಹಾಕಿಸಿದ. ಎಂಜಿನ್ನಿನ ಪಕ್ಕದ ಪೆಟ್ಟಿಗೆಯಲ್ಲಿ ಹನ್ನೆರಡು ಹತ್ತಿಯ ಟವೆಲುಗಳು ಬಂದವು. ಯಾರ ಬಟ್ಟೆ ಯಾವ ಬಣ್ಣದ್ದು, ಒದ್ದೆಯೋ ಒಣಗಿದೆಯೋ ಎಂದು ಈಗ ನೋಡುವುದಿಲ್ಲ. ಎಲ್ಲ ಸೀಟಿಗೂ ಒಂದೊಂದು ಟವೆಲು ಹಾಸಿರುತ್ತದೆ. ಸಾಹೇಬರ ಕಾರಿನ ಟವೆಲಿನಂತೆ ಬಿಳಿಯದಲ್ಲ, ನೀಲಿ ಹಸಿರು ಚೌಕಳಿಯದು. ಸಂಜೆ ಮನೆಯಲ್ಲಿ ಅದನ್ನು ಒಗೆದು ಹಗ್ಗಕ್ಕೆ ಹಾಕುವವನು ಅವನೇ. ಹೆಂಡತಿ ಒಂದು ದಿನ ಬಕೇಟಿಗೆ ಕೈ ಹಾಕಿದ್ದಕ್ಕೆ ‘ಇದು ದೋಣಿ ಕೆಲ್ಸ, ನಿಂಗೆ ಬೇಡ’ ಎಂದನಂತೆ. ಫೋಟೋದವರು ಬಂದಾಗ ಬಿಳಿ ಸೀಟಿನ ಟವೆಲು ತೆಗೆದು ಬದಿಗಿಡುತ್ತಾನೆ. ಹೋಗದೆ ಉಳಿದ ನೀಲಿಯ ಮೇಲೆ ಮದುಮಗಳ ಸೆರಗು ಹರಡಿದರೆ ಫೋಟೋದಲ್ಲಿ ಏನೂ ಕಾಣುವುದಿಲ್ಲ. ಕಂತು ಕಟ್ಟುವುದು ಇನ್ನೂ ಬಾಕಿಯಿದೆ, ಕಟ್ಟುತ್ತಿದ್ದಾನೆ.

ಮಳೆಗಾಲ ಶುರುವಾಗುವ ಮುನ್ನ ಈಗ ಸೀಟುಗಳನ್ನೆಲ್ಲ ಬಿಚ್ಚಿ ಮನೆಯ ಜಗಲಿಗೆ ತಂದು, ಗಾಳಿಯಾಡುವಂತೆ ಗೋಡೆಗೆ ಒರಗಿಸಿ ನಿಲ್ಲಿಸುತ್ತಾರೆ. ಅಪ್ಪ ಬೆಳಿಗ್ಗೆ ಚಾ ಕುಡಿದು ಬಂದು ಒಂದೊಂದನ್ನೇ ತಿರುಗಿಸಿ ನೋಡುತ್ತಾನೆ. ಮೇಲ್ಭಾಗ ಅವನಿಗೆ ಬೇಡ. ಕೆಳಗಿನ ತೂತಿನಲ್ಲಿ ಬೆರಳು ತೂರಿಸಿ ಸ್ಪಂಜು ಒತ್ತಿ, ಒಣಗಿದೆಯೋ ಇಲ್ಲವೋ ಎಂದು ನೋಡಿ, ತೇವವೆನಿಸಿದ್ದನ್ನು ಒಲೆಯ ಕಡೆಗೆ ಸರಿಸಿ ಇಡುತ್ತಾನೆ.